ಡ್ಯಾಶ್‌ಬೋರ್ಡ್ ಕಟಕಟ: ಫೋಮ್, ಸ್ಪ್ರೇ, ಬಟ್ಟೆ ಟೇಪ್ ಯಾವುದು ಮೇಲು?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಲಬುರಗಿಯ ಬಿಸಿಲಿಗೆ ತಡೆಯುವುದು ತೆಳುವಾದ ಬಟ್ಟೆ ಟೇಪ್, ಅಂದರೆ ಗಾಡಿ ವೈರಿಂಗ್‌ಗೆ ಸುತ್ತುವಂಥದ್ದು. ಮೂರನ್ನೂ ನನ್ನ ಹಳೇ ಕಾರಿಗೇ ಹಾಕಿ ನೋಡಿದ್ದೇನೆ.

ಆದರೆ ಅಂಗಡಿಗೆ ಹೋಗುವ ಮುಂಚೆ ಸದ್ದಿನ ಜಾಗ ಹಿಡಿಯಬೇಕು. ಗ್ಲೋವ್ ಬಾಕ್ಸ್ ಖಾಲಿ ಮಾಡಿ. ಚಿಲ್ಲರೆ ಕಾಸು, ಕನ್ನಡಕ, ಮುಂದೆ ಅಂಟಿಸಿದ ದೇವರ ಮೂರ್ತಿ ಎಲ್ಲ ತೆಗೆಯಿರಿ. ಎಷ್ಟೋ ಸಲ ಸದ್ದು ಇಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಸ್ಟೀರಿಂಗ್ ಬೇರೆಯವರಿಗೆ ಕೊಟ್ಟು ಪಕ್ಕದಲ್ಲಿ ಕೂತು, ಒಂದೊಂದೇ ಜಾಗ ಅಂಗೈಯಿಂದ ಒತ್ತುತ್ತಾ ಹೋಗಿ. ಇದಕ್ಕೆ ಬೇಕಾದ ಕುಲುಕುವ ರಸ್ತೆ ಹುಡುಕುವ ಕಷ್ಟ ನಮಗಿಲ್ಲ. ಕರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಊರಿದು, ಡಾಂಬರು ತಾನಾಗೇ ಅಲೆಅಲೆಯಾಗುತ್ತದೆ. ಎಲ್ಲಿ ಒತ್ತಿದಾಗ ಸದ್ದು ನಿಂತಿತೋ ಅಲ್ಲೇ ಕಳ್ಳ. ಕಿವಿಯನ್ನಷ್ಟೇ ನಂಬಬೇಡಿ, ಮುಂದಿನ ಗಾಜಿಗೆ ಬಡಿದು ಸದ್ದು ದಿಕ್ಕು ತಪ್ಪಿಸುತ್ತದೆ. ‘ಕಿರ್ ಕಿರ್’ ಅಂದರೆ ಸಾಮಾನ್ಯವಾಗಿ ಎರಡು ಪ್ಲಾಸ್ಟಿಕ್ ಉಜ್ಜುತ್ತಿವೆ. ‘ಟಕ ಟಕ’ ಅಂದರೆ ಕ್ಲಿಪ್ ಸಡಿಲ, ಇಲ್ಲವೇ ಒಳಗೆ ವೈರ್ ಬಡಿಯುತ್ತಿದೆ.

ಬೆಳಿಗ್ಗೆ ಕೇಳಿದ ಸದ್ದು ಮಧ್ಯಾಹ್ನ ಮಾಯವಾದರೆ ಖುಷಿಪಡಬೇಡಿ. ಪ್ಲಾಸ್ಟಿಕ್ ಬಿಸಿಗೆ ಉಕ್ಕಿಗಿಂತ ಹಲವು ಪಟ್ಟು ಜಾಸ್ತಿ ಹಿಗ್ಗುತ್ತದೆ. ಹೊರಗೆ 40 ಡಿಗ್ರಿ ದಾಟಿದ ದಿನ ಸಂದು ತಾನೇ ಮುಚ್ಚಿಕೊಂಡಿರುತ್ತದೆ, ಅಷ್ಟೇ. ತಂಪು ಹೊತ್ತಿನಲ್ಲೂ ಒಮ್ಮೆ ಓಡಿಸಿ ನೋಡಿ.

ಫೋಮ್ ಟೇಪ್ ಹಾಕಿದ ದಿನ ಗಾಡಿ ಹೊಸದರಂತಿತ್ತು. ಆದರೆ ಟೇಪ್ ದಪ್ಪ. ಟ್ರಿಮ್, ಅಂದರೆ ಕ್ಲಿಪ್‌ನಿಂದ ಕೂರುವ ಪ್ಲಾಸ್ಟಿಕ್ ಹೊದಿಕೆ, ಅದರ ಅಂಚಿಗೆ ಹಾಕಿದರೆ ಕ್ಲಿಪ್ ಪೂರ್ತಿ ಕೂರುವುದಿಲ್ಲ. ಏಪ್ರಿಲ್ ಬಂತು, ಗೋಂದು ಕರಗಿ ಟೇಪ್ ಜಾರಿತು, ಕೈಗೆಲ್ಲ ಅಂಟು. ಒಳಗೆ ಬಡಿಯುವ ವೈರ್ ಗೊಂಚಲಿಗೆ ಸುತ್ತಲು ಮಾತ್ರ ಇದು ಸರಿ.

ಸಿಲಿಕೋನ್ ಸ್ಪ್ರೇಗೆ ಏನೂ ಬಿಚ್ಚಬೇಕಿಲ್ಲ, ಅದೇ ಅದರ ದೊಡ್ಡ ಗುಣ. ಬಾಗಿಲ ರಬ್ಬರ್ ಕಿರುಗುಟ್ಟಿದರೆ ಇದಕ್ಕೆ ಸಾಟಿಯಿಲ್ಲ. ಡ್ಯಾಶ್‌ಬೋರ್ಡ್ ಸಂದಿನಲ್ಲಿ ಬೇಗ ಒಣಗಿತು, ಧೂಳನ್ನೂ ಹಿಡಿಯಿತು. ತೊಗರಿ ರಾಶಿಯ ಕಾಲದಲ್ಲಿ ನಮ್ಮ ಹಳ್ಳಿ ರಸ್ತೆಯ ಧೂಳು ಗೊತ್ತಲ್ವಾ? ಪೆಡಲ್, ಸ್ಟೀರಿಂಗ್ ಹತ್ತಿರವಂತೂ ಹೊಡೆಯಲೇಬೇಡಿ, ಜಾರುತ್ತದೆ.

ಬಟ್ಟೆ ಟೇಪ್‌ಗೆ ಕೆಲಸ ಜಾಸ್ತಿ. ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಟ್ರಿಮ್ ಎಬ್ಬಿಸಬೇಕು, ಒಂದೆರಡು ಕ್ಲಿಪ್ ಮುರಿಯುವುದೂ ಉಂಟು, ಮೊದಲೇ ತಂದಿಟ್ಟುಕೊಳ್ಳಿ. ಎರಡು ತುಂಡು ತಾಗುವ ಅಂಚಿಗೆ ಒಂದೇ ಪದರ ಅಂಟಿಸಿದರೆ ಸಾಕು. ತೆಳುವಾದ್ದರಿಂದ ಕ್ಲಿಪ್ ‘ಟಕ್’ ಅಂತ ಕೂರುತ್ತದೆ. ಒಂದು ಬೇಸಿಗೆ ಕಳೆದರೂ ನನ್ನದು ಜಾರಿಲ್ಲ.

ಪ್ಯಾಸೆಂಜರ್ ಏರ್‌ಬ್ಯಾಗ್ ಮುಚ್ಚಳದ ಮೇಲೂ ಸಂದಿನಲ್ಲೂ ಮೂರರಲ್ಲಿ ಯಾವುದೂ ಬೇಡ. ಟ್ರಿಮ್ ಹಿಂದೆ ಹಳದಿ ಕನೆಕ್ಟರ್ (ಏರ್‌ಬ್ಯಾಗ್ ವೈರಿನ ಜೋಡಣೆ) ಕಂಡರೆ ಕೈ ಹಾಕದೆ ವರ್ಕ್‌ಶಾಪ್‌ಗೆ ಕೊಡಿ.