ಲಿನಕ್ಸ್‌ನಲ್ಲಿ ದೂರದರ್ಶಕ: ಸ್ಟೆಲೇರಿಯಂ ಸಾಕೇ, ಕೆಸ್ಟಾರ್ಸ್ ಬೇಕೇ?

ಚಿಕ್ಕಮಗಳೂರಿನಲ್ಲಿ ಮಳೆಗಾಲ ಕಳೆದು ಆಕಾಶ ತಿಳಿಯಾದ ಮೇಲೆ, ಸೆಲೆಸ್ಟ್ರಾನ್ ನೆಕ್ಸ್‌ಸ್ಟಾರ್ ಮೌಂಟನ್ನು (ದೂರದರ್ಶಕದ ಕೊಳವೆಯನ್ನು ಹೊತ್ತು ಮೋಟರಿನಿಂದ ತಿರುಗಿಸುವ ಪೀಠ) ಉಬುಂಟು ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಜೋಡಿಸಿ ಸ್ಟೆಲೇರಿಯಂ ಮತ್ತು ಕೆಸ್ಟಾರ್ಸ್ ಎಂಬ, ಆಕಾಶದ ನಕ್ಷೆ ತೋರಿಸಿ ದೂರದರ್ಶಕವನ್ನೂ ನಡೆಸುವ ಎರಡೂ ಉಚಿತ ತಂತ್ರಾಂಶಗಳನ್ನು ತಾರಸಿಯ ಮೇಲೆ ಬಳಸಿ ನೋಡಿದ್ದೇನೆ. ಯಾವುದನ್ನೇ ಆರಿಸಿಕೊಂಡರೂ, ಬಳಕೆದಾರರ ಖಾತೆಯನ್ನು ‘ಡಯಲ್‌ಔಟ್’ ಗುಂಪಿಗೆ (ಸೀರಿಯಲ್ ಪೋರ್ಟ್ ಬಳಸುವ ಅನುಮತಿ ಇರುವವರ ಗುಂಪು) ಸೇರಿಸಿ ಮತ್ತೆ ಲಾಗಿನ್ ಆಗದ ಹೊರತು, ಮೌಂಟಿನೊಡನೆ ಮಾತಾಡುವ ಆ ಪೋರ್ಟ್ ತೆರೆದುಕೊಳ್ಳುವುದಿಲ್ಲ.

ಆಕಾಶದ ಚೆಲುವನ್ನು ತೋರಿಸುವುದರಲ್ಲಿ ಸ್ಟೆಲೇರಿಯಂ ಎತ್ತಿದ ಕೈ. ಅದರ ಟೆಲಿಸ್ಕೋಪ್ ಕಂಟ್ರೋಲ್ ಪ್ಲಗಿನ್ನನ್ನು ಸಕ್ರಿಯಗೊಳಿಸಿ, ತಂತ್ರಾಂಶವನ್ನು ಒಮ್ಮೆ ಮುಚ್ಚಿ ತೆರೆದು, ಮೌಂಟಿನ ಮಾದರಿಯನ್ನೂ ಪೋರ್ಟನ್ನೂ ನಮೂದಿಸಿದರೆ ಆಯಿತು. ಶನಿಯನ್ನು ಆರಿಸಿ ಕಂಟ್ರೋಲ್ ಮತ್ತು 1 ಒತ್ತಿದೊಡನೆ ಮೋಟರ್ ಗುಂಯ್‌ಗುಟ್ಟುತ್ತಾ ಕೊಳವೆಯನ್ನು ಅತ್ತ ಹೊರಳಿಸುತ್ತದೆ. ನೆರೆಮನೆಯ ಮಕ್ಕಳಿಗೆ ಗ್ರಹ ತೋರಿಸಲು ಇಷ್ಟು ಧಾರಾಳವಾಗಿ ಸಾಕು.

ಕೆಸ್ಟಾರ್ಸ್ ನೋಡಲು ಅಷ್ಟು ಅಂದವಾಗಿಲ್ಲ, ಕಲಿಯಲು ತಾಳ್ಮೆಯೂ ಬೇಕು. ಆದರೆ ಉಪಕರಣಗಳನ್ನು ನಡೆಸಲು ಅದು ಬಳಸುವ ಇಂಡಿ (INDI) ಸರ್ವರ್ ಎಂಬ ತಂತ್ರಾಂಶ 7624ನೇ ಪೋರ್ಟಿನ ಮೂಲಕ ನೆಟ್‌ವರ್ಕ್‌ನಲ್ಲಿ ವ್ಯವಹರಿಸುವುದರಿಂದ, ಮೌಂಟಿನ ಪಕ್ಕದಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇರಿಸಿ, ಡಿಸೆಂಬರಿನ ಚಳಿಯಲ್ಲಿ ಮನೆಯೊಳಗೆ ಕುಳಿತೇ ವೈಫೈ ಮೂಲಕ ಮೌಂಟ್, ಕ್ಯಾಮೆರಾ, ಫೋಕಸರ್ (ಚಿತ್ರವನ್ನು ಸ್ಪಷ್ಟಗೊಳಿಸುವ ಸಾಧನ) ಎಲ್ಲವನ್ನೂ ನಡೆಸಬಹುದು. ಛಾಯಾಗ್ರಹಣದ ಆಸೆಯಿರುವವರಿಗೆ ನನ್ನ ಶಿಫಾರಸು ಇದೇ. ಮೌಂಟಿನ ಜೊತೆಗಿರುವ ಹ್ಯಾಂಡ್ ಕಂಟ್ರೋಲರ್‌ನಲ್ಲಿ ಸಮಯ, ಸ್ಥಳ ಸರಿಪಡಿಸಿ ಮೊದಲೇ ಅಲೈನ್‌ಮೆಂಟ್ (ಗೊತ್ತಿರುವ ನಕ್ಷತ್ರಗಳನ್ನು ತೋರಿಸಿ ಮೌಂಟಿಗೆ ಆಕಾಶದ ದಿಕ್ಕು ತಿಳಿಸುವುದು) ಮುಗಿಸಿಕೊಂಡಿರಬೇಕು ಎಂಬುದು ಮಾತ್ರ ಎರಡಕ್ಕೂ ಅನ್ವಯಿಸುತ್ತದೆ.