ವ್ಯಾಗನ್ ಆರ್‌ಗೆ ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಕ್ಲಚ್: 14,500 ಕಿ.ಮೀ. ಓಡಿಸಿದ ಮೇಲೆ

2022ರ ಜೂನ್‌ನಲ್ಲಿ ಪುಣೆಯಿಂದ ಧಾರವಾಡಕ್ಕೆ ಹೊರಟಾಗ ಖಂಬಾಟ್ಕಿ ಘಾಟ್‌ನ ಏರಿನಲ್ಲಿ ನಮ್ಮ ಗಾಡಿ ಸೋತಿತು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು. ಹಿಂದೆ ಕೂತಿದ್ದ ಅವ್ವ, "ಏನೋ ಸುಡಾಕತ್ತೈತಿ ನೋಡಪಾ" ಅಂದಳು. ಹೇಗೋ ಘಾಟ್ ದಾಟಿ, ಇಳಿದ ಮೇಲೆ ತಿರುಗಿಸಿಕೊಂಡು, ಸುರಂಗದ ದಾರಿಯಲ್ಲಿ ನಿಧಾನವಾಗಿ ಪುಣೆಗೆ ವಾಪಸ್ ಬಂದೆವು. ಊರಿನ ಪ್ರಯಾಣ ಅಲ್ಲಿಗೆ ರದ್ದು.

ಗಾಡಿ 2009ರ ವ್ಯಾಗನ್ ಆರ್, ಎಂಎಚ್ 12 ಪಾಸಿಂಗ್ (ಪುಣೆಯ ನೋಂದಣಿ), 1061 ಸಿಸಿಯ ಹಳೆಯ ಪೆಟ್ರೋಲ್ ಎಂಜಿನ್. ಆಗ 96,400 ಕಿ.ಮೀ. ಆಗಿತ್ತು, ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಇನ್ನೂ ಶೋರೂಮಿನಿಂದ ಬಂದದ್ದೇ. ಅಷ್ಟು ವರ್ಷ ಪುಣೆಯ ಟ್ರಾಫಿಕ್ಕಿನಲ್ಲಿ ದುಡಿದ ಕ್ಲಚ್ ಸವೆದರೆ ಅದರ ತಪ್ಪೇನೂ ಅಲ್ಲ.

ಸಿಂಹಗಡ ರಸ್ತೆಯ ಕಡೆ ನಾವು ಹೋಗುವ ಗ್ಯಾರೇಜಿನ ಮಿಸ್ತ್ರಿ ವಿಜಯಪುರದವರು. ಮನೆಯಲ್ಲಿ ಎಲ್ಲರೂ ಅವರಿಗೆ ಕಾಕಾ ಅನ್ನುತ್ತೇವೆ. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ನಾಲ್ಕನೇ ಗೇರ್ ಹಾಕಿ, ಮೆಲ್ಲಗೆ ಕ್ಲಚ್ ಬಿಟ್ಟು ನೋಡಿದರು. ಕ್ಲಚ್ ಸರಿಯಿದ್ದರೆ ಆಗ ಎಂಜಿನ್ ಬಂದ್ ಆಗಬೇಕು. ನಮ್ಮದು ಆರಾಮವಾಗಿ ಓಡುತ್ತಲೇ ಇತ್ತು. "ಪ್ಲೇಟ್ ಮುಗದೈತಿ ಸರ, ಪೂರಾ ಸೆಟ್ ಹಾಕೂದ ಚಲೋ" ಅಂದರು. ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿದರೆ, ಹೆಸರಾಂತ ಕಂಪನಿಯ ಸೆಟ್‌ಗೆ 3,650 ರೂಪಾಯಿ. ಅದೇ ರಾತ್ರಿ ಮೊಬೈಲಿನಲ್ಲಿ ಹುಡುಕಿದಾಗ 1,740ಕ್ಕೆ ಒಂದು ಸೆಟ್ ಸಿಕ್ಕಿತು: ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್, ಮೂರೂ ಸೇರಿ. ಹದಿಮೂರು ವರ್ಷದ ಗಾಡಿಗೆ ಇಷ್ಟು ಸಾಕು ಅನ್ನಿಸಿತು. ಆರ್ಡರ್ ಮಾಡಿದೆ.

ತರಿಸುವಾಗಲೇ ಎಚ್ಚರ ಬೇಕಾದದ್ದು ಒಂದಿದೆ. ಆ ಪುಟದಲ್ಲಿ ಬರೀ "ವ್ಯಾಗನ್ ಆರ್ ಪೆಟ್ರೋಲ್" ಎಂದಿತ್ತು. 2010ರಲ್ಲಿ ವ್ಯಾಗನ್ ಆರ್‌ಗೆ ಕೆ ಸರಣಿಯ 998 ಸಿಸಿ ಎಂಜಿನ್ ಬಂತು, ಅದಕ್ಕೆ ಮುಂಚಿನದು ಬೇರೆ. ಮಾರುವವರಿಗೆ ಸಂದೇಶ ಕಳಿಸಿ, ಎಂಜಿನ್ ಯಾವುದೆಂದು ಹೇಳಿ, ಖಾತ್ರಿ ಮಾಡಿಕೊಂಡ ಮೇಲೆಯೇ ದುಡ್ಡು ಕಟ್ಟಿದೆ. ಪೆಟ್ಟಿಗೆ ಬಂದಾಗ ನೋಡಲು ಚೆನ್ನಾಗಿಯೇ ಇತ್ತು, ತುಕ್ಕು ಇರಲಿಲ್ಲ, ಅಳತೆ ಹಳೆಯದಕ್ಕೆ ಸರಿಯಾಗಿ ಹೊಂದಿತು. ಆದರೆ ವಾಪಸ್ ಮಾಡಲು ಹತ್ತು ದಿನ ಮಾತ್ರ ಅವಕಾಶ, ಒಮ್ಮೆ ಗಾಡಿಗೆ ಹಾಕಿದ ಸಾಮಾನನ್ನು ತೆಗೆದುಕೊಳ್ಳುವುದಿಲ್ಲ ಎಂಬ ಷರತ್ತು ಬೇರೆ. ಮಳೆಗಾಲದ ಗದ್ದಲದಲ್ಲಿ ಕಾಕಾಗೆ ಪುರುಸೊತ್ತು ಸಿಕ್ಕಿದ್ದೇ ಹನ್ನೆರಡನೇ ದಿನ. ಅವರು ಮೊದಲೇ ಹೇಳಿದ್ದರು: "ಸಾಮಾನ ನೀವ ತಂದೀರಿ ಸರ. ಕೆಲಸದ ಗ್ಯಾರಂಟಿ ನಂದು, ಸಾಮಾನಿಂದು ನಂದಲ್ಲ ನೋಡ್ರಿ."

ಮಜೂರಿ 2,800. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೆ ಆಕ್ಸಲ್ ಎಳೆಯುವಾಗ ಗೇರ್ ಆಯಿಲ್ ಹೇಗೂ ಚೆಲ್ಲಬೇಕು, ಹಾಗಾಗಿ ಹೊಸ ಆಯಿಲ್‌ಗೆ 700. ಒಟ್ಟು 5,240 ರೂಪಾಯಿ.

ಮೊದಲ ಏಳೆಂಟು ತಿಂಗಳು ಯಾವ ದೂರೂ ಇರಲಿಲ್ಲ. ಪೆಡಲ್ ಹಗುರಾಯಿತು, ಗೇರ್ ಸಲೀಸಾಗಿ ಬೀಳುತ್ತಿತ್ತು. ಕಾಕಾ ಹೇಳಿದಂತೆ ಮೊದಲ 500 ಕಿ.ಮೀ. ಮೆತ್ತಗೆ ಓಡಿಸಿದೆ, ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ, ಅಂದರೆ ಪೆಡಲ್ ಅರ್ಧ ಒತ್ತಿ ಹಿಡಿದು, ನಿಲ್ಲಿಸಲಿಲ್ಲ. ದೀಪಾವಳಿಗೆ ಅದೇ ಖಂಬಾಟ್ಕಿ ಏರಿ ಧಾರವಾಡ ಮುಟ್ಟಿ ಬಂದೆವು. ಆ ಹೊತ್ತಿಗೆ ಯಾರಾದರೂ ಕೇಳಿದ್ದರೆ, ಕಣ್ಣು ಮುಚ್ಚಿ ತರಿಸಿಕೊಳ್ಳಿ ಎಂದೇ ಹೇಳುತ್ತಿದ್ದೆ. ಇಂಥ ಸಾಮಾನಿನ ಬಗ್ಗೆ ಜನ ಬರೆಯುವುದು ಹೆಚ್ಚಾಗಿ ಹಾಕಿಸಿದ ವಾರದಲ್ಲೇ. ಆಗ ಎಲ್ಲ ಕ್ಲಚ್ಚೂ ಒಳ್ಳೆಯದಾಗಿಯೇ ಇರುತ್ತದೆ. ನಾನು ತರಿಸುವಾಗ ಓದಿದ ಅಭಿಪ್ರಾಯಗಳಲ್ಲಿ ಒಂದು ವರ್ಷ ದಾಟಿದ್ದು ಒಂದೂ ಇರಲಿಲ್ಲ. ಆ ಕಾರಣಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ತೊಂದರೆ ಶುರುವಾದದ್ದು 2023ರ ಬೇಸಿಗೆಯಲ್ಲಿ. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡು ಕ್ಲಚ್ ಬಿಸಿಯಾದ ಮೇಲೆ, ಮೊದಲ ಗೇರಿನಲ್ಲಿ ಹೊರಡುವಾಗ ಗಾಡಿ ಗಡಗಡ ನಡುಗತೊಡಗಿತು. ಬೆಳಿಗ್ಗೆ ತಣ್ಣಗಿದ್ದಾಗ ಏನೂ ಇಲ್ಲ. ಸಂಜೆ ನವಲೆ ಬ್ರಿಜ್ ಹತ್ತಿರ ನಿಂತು ನಿಂತು ಹೊರಡುವಾಗ ಡ್ಯಾಶ್‌ಬೋರ್ಡ್ ಸಮೇತ ಅದುರುತ್ತಿತ್ತು. ನನ್ನ ಹೆಂಡತಿಯೂ ಇದೇ ಗಾಡಿ ಓಡಿಸುತ್ತಾಳೆ. ಕೆಲವು ದಿನ ತನ್ನ ಕಾಲಿನದೇ ತಪ್ಪು ಎಂದುಕೊಂಡು ಸುಮ್ಮನಿದ್ದಳಂತೆ. ಅದನ್ನು ಕೇಳಿ ನನಗೆ ಬಹಳ ಬೇಜಾರಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಪೆಡಲ್ ಒತ್ತಿದಾಗ ಕರಕರ ಸದ್ದು, ಬಿಟ್ಟರೆ ಸದ್ದಿಲ್ಲ. ರಿಲೀಸ್ ಬೇರಿಂಗ್ ಹೋಗಿರುವ ಲಕ್ಷಣ ಅದು. ಪೆಡಲ್ ಒತ್ತಿದಾಗ ಸದ್ದು ನಿಂತು, ಬಿಟ್ಟಾಗ ಬರುವಂತಿದ್ದರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್ ಮೇಲೆ ಅನುಮಾನ ಪಡಬೇಕಿತ್ತು.

2023ರ ಡಿಸೆಂಬರ್‌ನಲ್ಲಿ, 1,10,900 ಕಿ.ಮೀ.ಗೆ, ಗೇರ್‌ಬಾಕ್ಸ್ ಮತ್ತೆ ಕೆಳಗಿಳಿಯಿತು. ಅವತ್ತು ರಜೆ ಹಾಕಿ ಗ್ಯಾರೇಜಿನಲ್ಲೇ ಕೂತಿದ್ದೆ. ಬಿಚ್ಚಿದ ಕೂಡಲೇ ಕಾಕಾ ಮೊದಲು ನೋಡಿದ್ದು ಆಯಿಲ್ ಸೋರಿದೆಯೇ ಎಂದು. ಪ್ಲೇಟಿನ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಮೇಲೆ ಆಯಿಲ್ ಬಿದ್ದರೆ ಒಳ್ಳೆಯ ಕ್ಲಚ್ ಕೂಡ ನಡುಗುತ್ತದೆ. ಎರಡೂ ಕಡೆಯ ಸೀಲ್‌ಗಳಲ್ಲಿ ಸೋರಿಕೆ ಇರಲಿಲ್ಲ. ಬೇರಿಂಗನ್ನು ಬೆರಳಲ್ಲಿ ತಿರುಗಿಸಿದರೆ ಒಳಗೆ ಮರಳು ಸೇರಿದ ಹಾಗೆ, ಗ್ರೀಸಿನ ಪಸೆಯೇ ಇಲ್ಲ. ಅದು ಒತ್ತುವ ಜಾಗದಲ್ಲಿ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ತುದಿಗಳು ಸವೆದು ಗೀರಾಗಿದ್ದವು. ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ ಕಡೆಯ ಚಕ್ರ, ಅಂದರೆ ಫ್ಲೈವೀಲ್ ಮೇಲೆ ಅಲ್ಲಲ್ಲಿ ನೀಲಿ ಕಲೆ, ವಿಪರೀತ ಕಾದ ಗುರುತು. ವಿಚಿತ್ರವೆಂದರೆ ಪ್ಲೇಟಿನ ಲೈನಿಂಗ್ ಇನ್ನೂ ಅರ್ಧದಷ್ಟು ಉಳಿದಿತ್ತು.

ಹಾಗಾದರೆ ನಡುಕ ಯಾಕೆ ಎಂದು ಕೇಳಿದೆ. ಕಾಕಾ ನನ್ನ ಪ್ಲೇಟನ್ನೂ ಹೊಸದಾಗಿ ತಂದ ಕಂಪನಿ ಪ್ಲೇಟನ್ನೂ ಅಂಚಿನಿಂದ ತೋರಿಸಿದರು. ಕಂಪನಿ ಪ್ಲೇಟಿನಲ್ಲಿ ಎರಡು ಲೈನಿಂಗ್‌ಗಳ ನಡುವೆ ಅಲೆಯಂತೆ ಬಾಗಿದ ತೆಳುವಾದ ಉಕ್ಕಿನ ತಗಡು ಕಾಣುತ್ತದೆ. ಪೆಡಲ್ ಬಿಡುವಾಗ ಆ ತಗಡು ಸ್ವಲ್ಪ ಸ್ವಲ್ಪವೇ ಚಪ್ಪಟೆಯಾಗುತ್ತ ಹಿಡಿತ ನಿಧಾನವಾಗಿ ಬರುತ್ತದೆ. ನನ್ನದರಲ್ಲಿ ತಗಡು ಹೆಚ್ಚು ಕಡಿಮೆ ಸಪಾಟಾಗಿತ್ತು. "ಇದು ಹಿಡದ್ರ ಒಮ್ಮೆಲೆ ಹಿಡಿತೈತಿ, ಬಿಟ್ರ ಒಮ್ಮೆಲೆ ಬಿಡತೈತಿ. ಹಿಡಿದು ಬಿಟ್ಟು ಹಿಡಿದು ಬಿಟ್ಟು ನಡಗತೈತ್ರಿ" ಅಂದರು. ಪೆಟ್ಟಿಗೆ ತೆರೆದ ದಿನ ನಾನು ಅಳತೆ ನೋಡಿದ್ದೆ, ಹೊಳಪು ನೋಡಿದ್ದೆ. ಇದನ್ನು ನೋಡಬೇಕೆಂದು ಗೊತ್ತೇ ಇರಲಿಲ್ಲ.

ಓಡಿಸುವ ರೀತಿಯ ಬಗ್ಗೆಯೂ ಯೋಚಿಸಿದೆ. ಆದರೆ ಇದೇ ಕಾಲುಗಳು, ಇದೇ ರಸ್ತೆಗಳು, ಮೊದಲ ಕ್ಲಚ್ಚನ್ನು 96,400 ಕಿ.ಮೀ. ಓಡಿಸಿವೆ.

ಎರಡನೇ ಸಲದ ಲೆಕ್ಕ: ನಾನಾ ಪೇಠೆಯಿಂದ ತಂದ ಸೆಟ್‌ಗೆ 3,900, ಮಜೂರಿ 3,000, ಗೇರ್ ಆಯಿಲ್ 750, ಫ್ಲೈವೀಲನ್ನು ಲೇತ್‌ನಲ್ಲಿ ಹೊಡೆಸಿ ನಯ ಮಾಡಿಸಿದ್ದಕ್ಕೆ 500. ಒಟ್ಟು 8,150. ಮೊದಲ ಸಲ ನಾನು ಉಳಿಸಿದ್ದು 1,910 ರೂಪಾಯಿ. ವೈಪರ್ ಬ್ಲೇಡೋ ಕ್ಲಚ್ ಕೇಬಲ್ಲೋ ಆಗಿದ್ದರೆ ಅಗ್ಗದ್ದು ಹಾಳಾದರೂ ಹತ್ತು ನಿಮಿಷದಲ್ಲೋ ಗಂಟೆಯಲ್ಲೋ ಬದಲಾಗುತ್ತದೆ. ಕ್ಲಚ್ ಕೂತಿರುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಗೇರ್‌ಬಾಕ್ಸ್ ಇಳಿಸದೆ ಕೈಗೆ ಸಿಗುವುದಿಲ್ಲ. 1,740ರ ಸಾಮಾನು ಹೋದಾಗ ನಾವು ಮತ್ತೆ ಕೊಡುವುದು ಮಜೂರಿ, ಆಯಿಲ್ ಮತ್ತು ಗಾಡಿಯಿಲ್ಲದ ಎರಡು ದಿನ.

ಆ ಸೆಟ್‌ಗೆ 5ರಲ್ಲಿ 2 ಅಂಕ ಕೊಡುತ್ತೇನೆ. ಹೇಳಿದ ಗಾಡಿಗೆ ಸರಿಯಾಗಿ ಕೂತಿತು, ಹದಿನೇಳು ತಿಂಗಳಲ್ಲಿ ಒಮ್ಮೆಯೂ ನಡುದಾರಿಯಲ್ಲಿ ಕೈಕೊಡಲಿಲ್ಲ, ಅದಕ್ಕೆ ಆ ಎರಡು. ಆರೇಳು ತಿಂಗಳಲ್ಲಿ ಗಾಡಿ ಮಾರುವವರಿಗೆ ಸಾಕಾದೀತು, ಆದರೆ ಕೊಳ್ಳುವವರಿಗೆ ಹೇಳಿಯೇ ಮಾರಬೇಕು. ನಮ್ಮಂತೆ ಗಾಡಿ ಇಟ್ಟುಕೊಳ್ಳುವವರಿಗೆ ಬೇಡ. 2024ರಲ್ಲಿ ಹದಿನೈದು ವರ್ಷ ತುಂಬಿದಾಗ ಆರ್‌ಟಿಓದಲ್ಲಿ ಫಿಟ್‌ನೆಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ನೋಂದಣಿಯನ್ನು ಇನ್ನೂ ಐದು ವರ್ಷಕ್ಕೆ ನವೀಕರಿಸಿಕೊಂಡಿದ್ದೇವೆ.

ಎರಡನೇ ಸೆಟ್ ಈಗ 21,000 ಕಿ.ಮೀ. ದಾಟಿದೆ. ನಡುಕವಿಲ್ಲ, ಸದ್ದಿಲ್ಲ. ಕಳೆದ ತಿಂಗಳು ಪೆಡಲ್ ಗಟ್ಟಿಯಾದಾಗ ಎದೆ ಧಸಕ್ಕೆಂದಿತು. ಕಾಕಾ ಕೇಬಲ್ ಬಿಚ್ಚಿ ತೋರಿಸಿದರು, ಎಳೆಗಳು ಹರಿಯುತ್ತ ಬಂದಿದ್ದವು ಅಷ್ಟೇ. ಅರ್ಧ ಗಂಟೆಯಲ್ಲಿ ಹೊಸದು ಹಾಕಿ ಕಳಿಸಿದರು.