ಹೋಕಾ ಸ್ಪೀಡ್‌ಗೋಟ್ 5: ಗುಡ್ಡ ಇಳಿಯೋ ಖುಷಿ ಇರೋರಿಗೆ

ಗುಡ್ಡ ಹತ್ತೋಕೆ ಯಾವ ಶೂ ಆದ್ರೂ ನಡೆಯುತ್ತೆ, ಶೂ ಯೋಗ್ಯತೆ ಗೊತ್ತಾಗೋದು ಇಳಿಯುವಾಗ. ಮೂಡಿಗೆರೆ ಕಡೆ ಕಾಫಿ ತೋಟಗಳ ಮಣ್ಣಿನ ಜೀಪ್ ರೋಡಲ್ಲಿ ಈ ಸ್ಪೀಡ್‌ಗೋಟ್ 5 ಹಾಕ್ಕೊಂಡು ಬೇಸಿಗೇಲೂ ಓಡಿದೀನಿ ಮಳೇಲೂ ಓಡಿದೀನಿ. ಗುಡ್ಡದಲ್ಲಿ ಓಡೋ ಆಸೆ ಇರೋ ಯಾರು ಕೇಳಿದ್ರೂ ಕಣ್ಣು ಮುಚ್ಚಿ ಇದನ್ನೇ ಹೇಳ್ತೀನಿ.

ಮೊದಲು ಶೂ ಬಗ್ಗೆ. ಅಡಿಯಲ್ಲಿ ವೈಬ್ರಾಮ್ ಕಂಪನಿಯ ಮೆಗಾಗ್ರಿಪ್ ಅನ್ನೋ ರಬ್ಬರ್, ಅದರಲ್ಲಿ 5 ಮಿಲಿಮೀಟರ್ ಹಲ್ಲು. ಹಿಮ್ಮಡಿಗೂ ಮುಂಗಾಲಿಗೂ ಎತ್ತರದ ವ್ಯತ್ಯಾಸ 4 ಮಿಲಿಮೀಟರ್ ಅಷ್ಟೇ. ನೋಡೋಕೆ ದಪ್ಪ ದಪ್ಪ ಸೋಲ್, ಕೈಯಲ್ಲಿ ಹಿಡಿದ್ರೆ ಮಾತ್ರ ಹಗುರ, ಒಂದು ಶೂ ಸುಮಾರು 290 ಗ್ರಾಂ. ಹೋಕಾ ಕಂಪನಿ 2009ರಲ್ಲಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಕಡೆ ಶುರುವಾಗಿದ್ದೇ ಇಳಿಜಾರಲ್ಲಿ ಇನ್ನೂ ಜೋರಾಗಿ ಓಡೋ ಶೂ ಮಾಡ್ಬೇಕು ಅನ್ನೋ ಹಟದಿಂದ. ಸ್ಪೀಡ್‌ಗೋಟ್ ಅನ್ನೋದು ಕಾರ್ಲ್ ಮೆಲ್ಟ್ಜರ್ ಅನ್ನೋ ಅಮೆರಿಕದ ಓಟಗಾರನ ಅಡ್ಡಹೆಸರು, 2016ರಲ್ಲಿ ಅಮೆರಿಕದ ಅಪಲೇಚಿಯನ್ ಟ್ರೇಲ್ ಅನ್ನೋ ಉದ್ದದ ಬೆಟ್ಟದ ಕಾಲುದಾರಿಯನ್ನ ಪೂರ್ತಿ 46 ದಿನದೊಳಗೆ ಮುಗಿಸಿ ಆಗಿನ ದಾಖಲೆ ಮುರಿದ ಮನುಷ್ಯ. ಅಂಥವರ ಕಾಲಿಗೆ ಅಂತ ಹುಟ್ಟಿದ ಶೂ ನಮ್ಮ ತೋಟದ ರಸ್ತೆಗೆ ಬಂದ್ರೆ ಹೆಂಗಿರುತ್ತೆ?

ಮಾರ್ಚಲ್ಲಿ ಕಾಫಿ ಹೂ ಬಿಡಿಸೋ ಹೂಮಳೆ ಬಿದ್ದು ಒಂದು ವಾರ ಕಳೆದಿತ್ತು, ಚಿಕ್ಕಪ್ಪನ ತೋಟದಲ್ಲಿ ರೊಬಸ್ಟಾ ಕಾಫಿ ಪೂರ್ತಿ ಹೂ ಬಿಟ್ಟಿತ್ತು. ನೋಡಿದವರಿಗೇ ಗೊತ್ತು ಅದು, ಗಿಡದ ಪ್ರತಿ ರೆಂಬೆ ಮೇಲೂ ಬೆಳ್ಳಗೆ ಸಾಲು, ಮಲ್ಲಿಗೆ ಥರದ್ದೇ ವಾಸನೆ, ಬೆಳಿಗ್ಗೆ ಆರೂವರೆಗೇ ಇಡೀ ತೋಟ ಜೇನುಹುಳದ ಸದ್ದು. ರಾತ್ರಿ ಒಳ್ಳೆ ನಿದ್ದೆ ಆಗಿತ್ತು, ಎದ್ದ ತಕ್ಷಣವೇ ಮೈಯಲ್ಲಿ ಏನೋ ಹುರುಪು, ಕಾಫಿ ಕುಡಿಯೋಕೂ ಕೂರೋಕಾಗ್ತಿಲ್ಲ, ಅಂಥ ದಿನ ವರ್ಷಕ್ಕೆ ಎಲ್ಲೋ ಕೆಲವೇ ಸಿಗೋದು. ತೋಟದ ಕೆಲಸದವರ ಲೈನ್ ಮನೆ ದಾಟಿ, ಕೆರೆ ಏರಿ ಹತ್ತಿ, ಅಲ್ಲಿಂದ ಗುಡ್ಡದ ನೆತ್ತಿ ತನಕ ಒಂದೇ ಸಮ ಏರು. ಸಾಮಾನ್ಯವಾಗಿ ಅರ್ಧಕ್ಕೆ ನಡೆಯೋಕೆ ಶುರು ಮಾಡ್ತೀನಿ. ಅವತ್ತು ನಿಲ್ಲಲೇ ಇಲ್ಲ, ಸಣ್ಣ ಸಣ್ಣ ಹೆಜ್ಜೆ ಇಟ್ಕೊಂಡು ಉಸಿರಿನ ಲೆಕ್ಕಕ್ಕೆ ಕಾಲು ಹೊಂದಿಸ್ಕೊಂಡು ಮೇಲಿನ ಗೇಟ್ ತನಕ ಓಡೇಬಿಟ್ಟೆ.

ಆಮೇಲೆ ಇಳುಕಲು. ಇಲ್ಲೇ ಈ ಶೂ ಬೇರೆ ಅನ್ಸೋದು. ಇಳಿಯುವಾಗ ನಾವು ಹೆದರಿ ಹಿಂದಕ್ಕೆ ವಾಲ್ತೀವಿ, ಹಿಮ್ಮಡಿ ಊರಿ ಊರಿ ಬ್ರೇಕ್ ಹಾಕ್ತೀವಿ. ಆಗ ತೊಡೆ ಮುಂದಿನ ಸ್ನಾಯು ಬಿಗಿಯಾಗಿ ಭಾರ ತಡೀತಾನೇ ಉದ್ದಕ್ಕೆ ಜಗ್ಗುತ್ತೆ, ಮಾರನೇ ದಿನ ಮೆಟ್ಟಿಲು ಇಳಿಯೋಕಾಗದಷ್ಟು ನೋವು ಬರೋದು ಮುಖ್ಯವಾಗಿ ಅದಕ್ಕೇ. ಕಾಲು ಜಾರಲ್ಲ ಅಂತ ಧೈರ್ಯ ಬಂದ್ರೆ ಮಾತ್ರ ಮೈ ಸ್ವಲ್ಪ ಮುಂದಕ್ಕೆ ಬಿಟ್ಟು ಪಟಪಟ ಅಂತ ಸಣ್ಣ ಹೆಜ್ಜೇಲಿ ಇಳೀಬಹುದು. ಆ ಧೈರ್ಯ ಈ ಶೂ ಕೊಡುತ್ತೆ. ಮೊದಲನೇ ತಿರುವಲ್ಲಿ ಒಣಗಿದ ಸಿಲ್ವರ್ ಓಕ್ ಮರದ ಎಲೆ ರಾಶಿ, ಅದರ ಕೆಳಗೆ ಜಲ್ಲಿ, ಜೀಪ್ ಚಕ್ರ ಕೊರೆದ ಎರಡು ಗಾಡಿಜಾಡು, ನಡುವೆ ಹುಲ್ಲು. ಎಡಗಾಲು ಜಾಡಿನ ಅಂಚಲ್ಲಿ ಬಿತ್ತು, ಹಲ್ಲು ಮಣ್ಣಿಗೆ ಕಚ್ಚಿದ್ದು ಪಾದಕ್ಕೇ ಗೊತ್ತಾಯ್ತು, ಅಷ್ಟರಲ್ಲಿ ಬಲಗಾಲು ಆಚೆ ದಡದಲ್ಲಿ. ಅಲ್ಲಿಂದ ಕೆರೆ ತನಕ ಯೋಚನೆ ಅನ್ನೋದೇ ಇಲ್ಲ, ಮುಂದಿನ ನಾಲ್ಕು ಹೆಜ್ಜೆ ಎಲ್ಲಿ ಅಂತ ಕಣ್ಣು ನೋಡ್ತಿರುತ್ತೆ, ಕಾಲು ಮಾಡ್ತಿರುತ್ತೆ, ಬಾಯಲ್ಲಿ ನನಗೇ ಗೊತ್ತಿಲ್ಲದೆ ಕೂಗು. ಕೆಳಗೆ ಬಂದು ಉಸಿರು ತಗೊಂಡು ಮತ್ತೆ ಮೇಲಕ್ಕೆ ಹೋದೆ, ಇನ್ನೊಂದ್ಸಲ ಇಳಿಯೋಕೆ ಅಂತಲೇ.

ಯಾರಿಗೆ ಬೇಡ ಅಂದ್ರೆ, ದಿನಾ ಟಾರು ರೋಡಲ್ಲೇ ಓಡೋರಿಗೆ ಬೇಡ, ಮೆತ್ತನೆ ರಬ್ಬರ್ ಹಲ್ಲು ಟಾರಿಗೆ ಬೇಗ ಸವೆಯುತ್ತೆ. ಆಷಾಢದ ಕೊಚ್ಚೆಗೆ, ಹುಗಿಯೋ ಗದ್ದೆ ಬದಿಗೆಲ್ಲ ಇನ್ನೂ ಉದ್ದ ಹಲ್ಲಿನ ಶೂ ಬೇರೆ ಇದಾವೆ, ಅವು ವಾಸಿ. ಇದರಲ್ಲೇ ವಾಟರ್‌ಪ್ರೂಫ್ ಗೋರ್‌ಟೆಕ್ಸ್ ಮಾಡೆಲ್ ಬರುತ್ತೆ, ಮಲೆನಾಡಿಗೆ ನಾನು ಮಾಮೂಲಿ ಜಾಲರಿದೇ ತಗೊಳ್ಳಿ ಅಂತೀನಿ, ಯಾಕಂದ್ರೆ ಹಳ್ಳ ದಾಟುವಾಗ ನೀರು ಮೇಲಿಂದ ಒಳಗೆ ಹೋಗೇ ಹೋಗುತ್ತೆ, ಜಾಲರಿ ಆದ್ರೆ ಬಸಿದು ಹೋಗುತ್ತೆ, ಗೋರ್‌ಟೆಕ್ಸ್ ಆದ್ರೆ ಒಳಗೇ ನಿಲ್ಲುತ್ತೆ.

ಬೆಲೆ ಜಾಸ್ತಿನೇ, ಐದಂಕಿ. ಹೊಸ ಮಾಡೆಲ್ ಬಂದಿರೋದ್ರಿಂದ 5 ಸೇಲಲ್ಲಿ ಸಿಕ್ಕಿದ್ರೆ ಬಿಡ್ಬೇಡಿ. ಸೈಜ್ ನೋಡುವಾಗ ಸಾಯಂಕಾಲ ಹೋಗಿ, ಓಡುವಾಗ ಹಾಕೋ ಕಾಲುಚೀಲನೇ ಹಾಕ್ಕೊಂಡು ನೋಡಿ, ಹೆಬ್ಬೆರಳ ಮುಂದೆ ಒಂದು ಬೆರಳಷ್ಟು ಜಾಗ ಇರ್ಲಿ, ಇಲ್ಲಾಂದ್ರೆ ಇಳಿಜಾರಲ್ಲಿ ಉಗುರು ಕಪ್ಪಾಗುತ್ತೆ. ಪಾದ ಅಗಲ ಇರೋರು ವೈಡ್ ಕೇಳಿ.

ಓಡೋ ಜಾಗದ ಬಗ್ಗೆ ಒಂದು ಮಾತು, ಮೂಡಿಗೆರೆ, ಸಕಲೇಶಪುರ ಕಡೆ ಆನೆ ಓಡಾಟ ಇದೆ, ತೋಟದವರನ್ನ ಕೇಳದೆ ಮುಂಜಾನೆ ಕತ್ತಲಲ್ಲಿ ಇಳೀಲೇಬೇಡಿ, ಪೂರ್ತಿ ಬೆಳಕಾದ್ಮೇಲೆ ಹೊರಡಿ. ರಸ್ತೆ ಬಿಟ್ಟು ಗಿಡದ ಸಾಲೊಳಗೂ ಓಡ್ಬೇಡಿ, ಮಳೆನೀರು ಇಂಗೋಕೆ ಅಂತ ಗಿಡಗಳ ನಡುವೆ ತೋಡಿರೋ ತೊಟ್ಟಿಲು ಗುಂಡಿ ಎಲೆ ಮುಚ್ಚಿ ಕಾಣಲ್ಲ, ಕಾಲು ಮುರಿಯುತ್ತೆ. ಬಂದ್ಮೇಲೆ ಶೂ ತೊಳೆದು, ಇನ್‌ಸೋಲ್ ತೆಗೆದು, ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಬೇಗ ಒಣಗ್ಲಿ ಅಂತ ಬಚ್ಚಲೊಲೆ ಹತ್ರ ಇಡ್ಬೇಡಿ, ಬಿಸಿಗೆ ಸೋಲಿನ ಅಂಟು ಬಿಡುತ್ತೆ.